ಲೀಸಾಳಿಗೆ ಬಿದ್ದ ಗುಂಡು

ಅಮೆರಿಕದ ಈಚಿನ ಕಾದಂಬರಿಕಾರರ ಮೇಲೆ ಒಂದು ದೂರು ಪದೇ ಪದೇ ಕೇಳಿಬರುತ್ತದೆ. ಅವರಿಗೆ ಕೊಂಕು ಬಿಟ್ಟರೆ ಬೇರೇನೂ ಬರುವುದಿಲ್ಲವಂತೆ. ಎಲ್ಲವನ್ನೂ ಗೇಲಿ ಮಾಡಿ ಕೈತೊಳೆದುಕೊಳ್ಳುತ್ತಾರಂತೆ. ಡೇವಿಡ್ ಫಾಸ್ಟರ್ ವಾಲೇಸ್ 1993ರಲ್ಲೇ ಬರೆದಿದ್ದರು: ವ್ಯಂಗ್ಯವನ್ನು ಟೀವಿ ನುಂಗಿ ಅರಗಿಸಿಕೊಂಡಿದೆ, ತನ್ನನ್ನೇ ಗೇಲಿ ಮಾಡಿಕೊಳ್ಳುತ್ತ ಸಾಮಾನು ಮಾರುತ್ತಿದೆ ಎಂದು. ಜಾಹೀರಾತಿನ ಮಟ್ಟಿಗೆ ಒಪ್ಪೋಣ. ಆದರೆ ಅದನ್ನೇ ಹಿಡಿದುಕೊಂಡು, ವ್ಯಂಗ್ಯ ಬರೆಯುವವರಿಗೆ ಕರುಳೇ ಇಲ್ಲ ಎನ್ನುವವರ ಕೈಗೆ ಪರ್ಸಿವಲ್ ಎವರೆಟ್ ಅವರ 2001ರ ಕಾದಂಬರಿ ‘ಇರೇಷರ್’ ಕೊಡಬೇಕು.

ಕಥಾನಾಯಕನ ಅಡ್ಡಹೆಸರು ಮಂಕ್. (ನಮ್ಮ ಮಂಕಿಗೂ ಅದಕ್ಕೂ ಸಂಬಂಧವಿಲ್ಲ, ಆಳು ಬಲು ಚುರುಕು.) ಕಪ್ಪು ಜನಾಂಗದ ಪ್ರೊಫೆಸರು. ಅವನ ಗಂಭೀರ ಪುಸ್ತಕಗಳಲ್ಲಿ ‘ಕಪ್ಪು ಬದುಕು’ ಸಾಲದು ಎಂಬುದು ಪ್ರಕಾಶಕರ ತಕರಾರು. ಸಿಟ್ಟಿಗೆದ್ದು ಹೊಡೆದಾಟ, ಹೊಲಸು ಮಾತು ಎಲ್ಲ ತುರುಕಿ, ಸುಳ್ಳು ಹೆಸರಿನಲ್ಲಿ ಒಂದು ಅಣಕು ಕಾದಂಬರಿ ಗೀಚುತ್ತಾನೆ. ಅದನ್ನೇ ಅಪ್ಪಟ ಸತ್ಯವೆಂದು ತಲೆಮೇಲೆ ಹೊತ್ತುಕೊಳ್ಳುತ್ತಾರೆ! ಅವನೇ ತೀರ್ಪುಗಾರನಾಗಿ ಕೂತಿದ್ದ ಬಹುಮಾನವೂ ಅದಕ್ಕೇ.

ಇಷ್ಟಕ್ಕೇ ನಕ್ಕು ಮುಗಿಸಿದವರು ಅರ್ಧ ಪುಸ್ತಕ ಓದಿದಂತೆ. ಮಂಕನ ತಾಯಿಗೆ ಮರೆವಿನ ರೋಗ. ಹತ್ತಿರವಿದ್ದು ನೋಡಿಕೊಳ್ಳುತ್ತಿದ್ದ ಮಗಳು ಲೀಸಾ ಡಾಕ್ಟರು. ಗರ್ಭಪಾತಕ್ಕೆಂದು ಬರುವ ಹೆಂಗಸರಿಗೆ ನೆರವಾಗುವ ಕ್ಲಿನಿಕ್ಕಿನವಳು. ಅದೇ ಕಾರಣಕ್ಕೆ ಅವಳನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ತಾಯಿಯ ಭಾರ ಮಗನ ಮೇಲೆ ಬೀಳುತ್ತದೆ. ತನಗೇ ಹೇಸಿಗೆಯಾದ ಆ ಪುಸ್ತಕದ ದುಡ್ಡನ್ನು ಅವನು ಬೇಡವೆನ್ನುವುದು ಹೇಗೆ? ಮನೆಯಲ್ಲಿ ವಯಸ್ಸಾದವರ ಸೇವೆ ಮಾಡಿದ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ಜನರ ಗೋಳು ಬೇಕು ಬೇಕು ಎನ್ನುವ ಪ್ರಕಾಶಕರಿಗೆ ಈ ಮನೆಯ ಗೋಳು ಮಾತ್ರ ಸರಕಲ್ಲ. ಎವರೆಟ್ಟರ ಕೊಂಕು ಕುಟುಕುವುದು ಅಲ್ಲಿ.

ಇದೇ ಕಥೆ 2023ರಲ್ಲಿ ‘ಅಮೆರಿಕನ್ ಫಿಕ್ಷನ್’ ಎಂಬ ಸಿನಿಮಾ ಆಯಿತು. 2024ರಲ್ಲಿ ಅದರ ಚಿತ್ರಕಥೆಗೆ ಆಸ್ಕರ್ ಬಂತು. ಸಿನಿಮಾ ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಲೀಸಾ ಸಾಯುವುದು ಹೃದಯಾಘಾತದಿಂದ! ಅಮೆರಿಕದ ಹೆಂಗಸರಿಗೆ 1973ರಿಂದ ಇದ್ದ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ಅಲ್ಲಿನ ಸುಪ್ರೀಂ ಕೋರ್ಟು ಕಿತ್ತುಕೊಂಡದ್ದು 2022ರಲ್ಲಿ. ಅದರ ಮರುವರ್ಷವೇ, ಆ ಗುಂಡಿನ ಸದ್ದು ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲಿ, ಅದನ್ನು ಕಥೆಯಿಂದ ತೆಗೆದಿಟ್ಟರು. ಪ್ರಕಾಶಕರನ್ನು ಗೇಲಿ ಮಾಡುವ ದೃಶ್ಯಗಳೆಲ್ಲ ಹಾಗೇ ಉಳಿದವು.