ಡಾಕ್ಟರನ ಸಹಚಾರಿಣಿಯರು

ವಿಜ್ಞಾನದ ಕಟ್ಟುಕಥೆಗಳನ್ನು ಹುಡುಗರ ವಿನೋದವೆಂದು ಅಲಕ್ಷಿಸುವವರು ಹಲವರುಂಟು. ಆದರೆ ಮನೆಮಂದಿಯೆಲ್ಲರೂ ಒಂದೆಡೆ ಕುಳಿತು ನೋಡುವ ಕಥೆಗಳಲ್ಲಿ ಸ್ತ್ರೀಯರನ್ನು ಹೇಗೆ ಚಿತ್ರಿಸಿದೆಯೆಂಬುದು ಗೃಹಸ್ಥರು ವಿಚಾರಿಸತಕ್ಕ ಸಂಗತಿಯೇ ಸರಿ. ಇದಕ್ಕೆ ನಿದರ್ಶನವಾಗಿ, ಇಂಗ್ಲೆಂಡಿನ ಬಿ.ಬಿ.ಸಿ.ಯು 1963ನೆಯ ನವೆಂಬರ್ 23ರಂದು ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ಟೆಲಿವಿಷನ್ ಧಾರಾವಾಹಿಯನ್ನು ತೆಗೆದುಕೊಳ್ಳುತ್ತೇವೆ.

ಇದರ ನಾಯಕನಾದ ಡಾಕ್ಟರನು ಅನ್ಯಲೋಕದವನು. ಕಾಲದೇಶಗಳೆರಡನ್ನೂ ದಾಟುವ ಯಂತ್ರವುಳ್ಳವನು. ಅವನೊಡನೆ ಬಹುಮಟ್ಟಿಗೆ ಯಾವಾಗಲೂ ಒಬ್ಬ ಸಹಚಾರಿಣಿಯಿರುವಳು. ಆಕೆಯು ಪ್ರಶ್ನೆ ಕೇಳಿದರಲ್ಲವೇ ಅವನು ವಿವರಿಸುವುದು, ನೋಡುವವರಿಗೆ ಕಥೆ ತಿಳಿಯುವುದು! ಈ ಏರ್ಪಾಡಿನಲ್ಲಿ ದೋಷವಿಲ್ಲ. ಕೇಳುವವಳು ಏನನ್ನೂ ಅರಿಯದವಳಾಗಿರಬೇಕೆಂದು ಎಣಿಸಿದುದೇ ದೋಷವೆಂದು ನಮ್ಮ ಅಭಿಪ್ರಾಯ.

ಮೊದಲಲ್ಲಿ ಹೀಗಿರಲಿಲ್ಲ. ಧಾರಾವಾಹಿಯ ಪ್ರಥಮ ನಿರ್ಮಾಪಕರು ವೆರಿಟಿ ಲ್ಯಾಂಬರ್ಟ್ ಎಂಬ ಮಹಿಳೆ. ಆರಂಭದ ಸಹಚಾರಿಣಿಯರಲ್ಲಿ ಒಬ್ಬಳಾದ ಬಾರ್ಬರಾ ರೈಟ್ ಇತಿಹಾಸದ ಉಪಾಧ್ಯಾಯಿನಿ. 1964ರ ‘ದಿ ಆಜ್‌ಟೆಕ್ಸ್’ ಕಥೆಯಲ್ಲಿ ಹಿಂದಿನ ಕಾಲದ ಮೆಕ್ಸಿಕೋದ ಜನರು ಆಕೆಯಲ್ಲಿ ದೈವತ್ವವನ್ನು ಕಲ್ಪಿಸಿಕೊಳ್ಳುವರು. ಆ ಅಧಿಕಾರದಿಂದ ಆಕೆಯು ನರಬಲಿಯನ್ನು ನಿಲ್ಲಿಸಲೆತ್ನಿಸುವಳು. ಚರಿತ್ರೆಯನ್ನು ತಿದ್ದಲಾಗದೆಂದು ಡಾಕ್ಟರನು ತಡೆದರೂ ಕೇಳಳು. ಕೊನೆಗೆ ಆಕೆಗೆ ಸೋಲಾದರೂ, ಕಥೆ ನಡೆಯುವುದು ಆಕೆಯ ವಿದ್ಯೆಯಿಂದಲೂ ಕರುಣೆಯಿಂದಲೂ.

1970ರಲ್ಲಿ ಬಂದ ಲಿಜ್ ಷಾ ಕೇಂಬ್ರಿಜ್‌ನ ವಿಜ್ಞಾನಿ. ನಾಲ್ಕೇ ಕಥೆಗಳ ತರುವಾಯ, ಬೀಳ್ಕೊಡುವ ದೃಶ್ಯವೊಂದೂ ಇಲ್ಲದೆ, ಆಕೆಯನ್ನು ಬಿಟ್ಟುಬಿಟ್ಟರು. ಇಷ್ಟು ಬಲ್ಲವಳು ನೋಡುವವರ ಪರವಾಗಿ ಪ್ರಶ್ನಿಸುವುದು ಹೊಂದದೆಂದು ನಿರ್ಮಾಪಕ ಬ್ಯಾರಿ ಲೆಟ್ಸ್ ಅವರ ಎಣಿಕೆಯಾಗಿತ್ತು. ಆಕೆಯ ಸ್ಥಾನಕ್ಕೆ 1971ರಲ್ಲಿ ಬಂದ ಜೋ ಗ್ರಾಂಟ್ ವಿಜ್ಞಾನದ ಪರೀಕ್ಷೆಗೆ ಕುಳಿತವಳೇ ಹೊರತು ತೇರ್ಗಡೆಯಾದವಳಲ್ಲ. ಡಾಕ್ಟರನಿಗೆ ಬೇಕಾದುದು ಗಾಜಿನ ನಳಿಗೆಗಳನ್ನು ಎತ್ತಿಕೊಟ್ಟು ಅವನ ಜಾಣ್ಮೆಯನ್ನು ಹೊಗಳುವವರೆಂದು ಕಥೆಯಲ್ಲಿಯೇ ಒಬ್ಬ ಪಾತ್ರನು ಪರಿಹಾಸಮಾಡುವನು. ಆದರೂ ಜೋವಿನ ಧೈರ್ಯವನ್ನು ಮರೆಯಲಾಗದು: ಅದೇ ವರ್ಷದ ಇನ್ನೊಂದು ಕಥೆಯಲ್ಲಿ ಡಾಕ್ಟರನ ಬದಲು ತನ್ನ ಪ್ರಾಣವನ್ನೇ ಕೊಡಲು ಮುಂದಾಗಿ ಅವನನ್ನು ಉಳಿಸುವಳು.

ನೋಡುವವರಿಗೆ ವಿವರಣೆ ಬೇಡವೇ ಎಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಉತ್ತರವು ಆ ಧಾರಾವಾಹಿಯಲ್ಲಿಯೇ ಇದೆ. 1973ರಲ್ಲಿ ಕಾಣಿಸಿಕೊಂಡ ಸಾರಾ ಜೇನ್ ಸ್ಮಿತ್ ಪತ್ರಿಕಾ ವರದಿಗಾರ್ತಿ. ಪ್ರಶ್ನಿಸುವುದೇ ಆಕೆಯ ವೃತ್ತಿ. ಮೊದಲ ಕಥೆಯಲ್ಲಿಯೇ, ವಿಜ್ಞಾನಿಯಾದ ಬಂಧುವೊಬ್ಬಳ ಹೆಸರನ್ನು ಹೇಳಿಕೊಂಡು ಸಂಶೋಧನಾಲಯವನ್ನು ಹೊಕ್ಕು, ಡಾಕ್ಟರನನ್ನೇ ಸಂದೇಹಿಸುವಳು. ತಿಳಿದವಳೂ ಕೇಳಬಲ್ಲಳು, ಏನು ಕೇಳಬೇಕೆಂಬುದನ್ನು ಹೆಚ್ಚಾಗಿಯೇ ಬಲ್ಲಳು.

ಈ ಹಳೆಯ ಕಥೆಗಳನ್ನು ಮಕ್ಕಳೊಡನೆ ನೋಡುವ ತಾಯ್ತಂದೆಗಳು ಇದನ್ನು ಗಮನಕ್ಕೆ ತಂದುಕೊಡಬೇಕೆಂದು ನಮ್ಮ ಕೋರಿಕೆ. ಮನೆಯ ಹೆಣ್ಣುಮಗು ನಡುವೆ ಪ್ರಶ್ನೆ ಕೇಳಿದರೆ, ಅರಿಯದೆ ಕೇಳಿದಳೆಂದು ಭಾವಿಸದೆ, ಆಕೆಯ ಊಹೆಯೇನೆಂದು ಮೊದಲು ವಿಚಾರಿಸಿರಿ.