ಕೈ ಬದಲಾದ ಗಾಡಿ, ಬದಲಾಗದ ಹೆಸರು

ಹಾನಗಲ್, ಸವಣೂರಿನಂಥ ಊರುಗಳಲ್ಲಿ ಹಳೆಯ ಕಾರು ಅಥವಾ ಗೂಡ್ಸ್ ಗಾಡಿಯು ಅನೇಕ ಕುಟುಂಬಗಳ ಪಾಲಿಗೆ ಶೋಕಿಯಲ್ಲ, ಅನ್ನದ ದಾರಿ. ಆದರೆ ಅದರ ವ್ಯಾಪಾರ ಹೆಚ್ಚಾಗಿ ಬಾಯಿಮಾತಿನಲ್ಲೇ ಮುಗಿಯುತ್ತದೆ. ಮಾರುವವರು ಖಾಲಿ ಫಾರಂಗಳಿಗೆ ಸಹಿ ಹಾಕಿ, ಆರ್.ಸಿ.ಯನ್ನು ಮಧ್ಯವರ್ತಿಯ ಕೈಗಿತ್ತು ನಿಶ್ಚಿಂತರಾಗುತ್ತಾರೆ. ಗಾಡಿ ಕೈ ದಾಟುತ್ತದೆ, ದಾಖಲೆಯಲ್ಲಿ ಹೆಸರು ಹಾಗೆಯೇ ಉಳಿಯುತ್ತದೆ.

ಈ ನಿಶ್ಚಿಂತೆಯ ಬೆಲೆ ದೊಡ್ಡದು. 2007ರಲ್ಲೇ ಮಾರಾಟವಾಗಿ ಹಲವರ ಕೈ ದಾಟಿದ್ದ ಕಾರೊಂದು 2009ರಲ್ಲಿ ಅಪಘಾತಕ್ಕೀಡಾಯಿತು. ದಾಖಲೆಯಲ್ಲಿ ಮೊದಲ ಮಾಲೀಕನ ಹೆಸರೇ ಇದ್ದುದರಿಂದ ಪರಿಹಾರದ ಹೊಣೆಯೂ ಆತನದೇ ಎಂದು 2018ರಲ್ಲಿ ಸುಪ್ರೀಮ್ ಕೋರ್ಟ್ ತೀರ್ಪಿತ್ತಿತು. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಸ್ಫೋಟಗೊಂಡ ಕಾರಿನ ವಿಷಯದಲ್ಲೂ ಪೊಲೀಸರು ಮೊದಲು ವಿಚಾರಿಸಿದ್ದು, ಅದನ್ನು ತಿಂಗಳುಗಳ ಹಿಂದೆಯೇ ಮಾರಿದ್ದ ವ್ಯಕ್ತಿಯನ್ನು. ಸಂಶಯದ ಈ ಕಾಲದಲ್ಲಿ ಮುಸ್ಲಿಮ್ ಹೆಸರೊಂದು ಹಳೆಯ ಆರ್.ಸಿ.ಯಲ್ಲಿ ಉಳಿದರೆ ಆಗುವ ನಷ್ಟ ಹಣದ್ದು ಮಾತ್ರವಲ್ಲ.

ಇದಕ್ಕೆ ಕಾನೂನಿನಲ್ಲಿ ಪರಿಹಾರವಿದೆ. ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ರೂಪಿಸಿದ ನಿಯಮಗಳು 2023ರ ಎಪ್ರಿಲ್ 1ರಿಂದ ಜಾರಿಯಲ್ಲಿವೆ. ಹಳೆಯ ವಾಹನಗಳ ವ್ಯಾಪಾರಿಯು ಸಾರಿಗೆ ಇಲಾಖೆಯಿಂದ ಐದು ವರ್ಷಗಳ ಅಧಿಕಾರಪತ್ರ ಪಡೆಯಬೇಕು. ಗಾಡಿಯನ್ನು ಆತನಿಗೆ ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ಇಲಾಖೆಗೆ ತಿಳಿಸಿದರೆ, ಅಂದಿನಿಂದ ಆತನೇ ಮಾಲೀಕನೆಂದು ಪರಿಗಣಿತನಾಗುತ್ತಾನೆ, ಹೊಣೆಯೂ ಆತನದೇ.

ಲೈಸೆನ್ಸ್ ಎಂದೊಡನೆ ಲಂಚ, ಅಲೆದಾಟ ಎಂದು ಸಣ್ಣ ವ್ಯಾಪಾರಿಗಳು ಅಂಜುವುದರಲ್ಲಿ ತಪ್ಪಿಲ್ಲ. ಆದ್ದರಿಂದ ಸಾರಿಗೆ ಇಲಾಖೆಯು ಅವರನ್ನು ಹಾವೇರಿಗೆ ಅಲೆಸದೆ ತಾಲೂಕು ಕೇಂದ್ರಗಳಲ್ಲೇ ಶಿಬಿರ ನಡೆಸಿ ಅಧಿಕಾರಪತ್ರ ನೀಡಲಿ ಎಂದು ನಾವು ಆಗ್ರಹಿಸುತ್ತೇವೆ. ನಿಯಮವು ರಕ್ಷಣೆಯಾಗಬೇಕು, ಕಿರುಕುಳವಾಗಬಾರದು.

ಆದರೆ ಎಲ್ಲವನ್ನೂ ಸರಕಾರದ ಮೇಲೆ ಹೊರಿಸಿ ನಾವು ಪಾರಾಗುವಂತಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಲು, ಕ್ರಯವಿಕ್ರಯಕ್ಕೆ ಸಾಕ್ಷಿಗಳನ್ನಿಡಲು ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದಲ್ಲಿ ಆದೇಶಿಸಿದೆ. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಿನ ತೇವವನ್ನು ಕಂಡು, ವಂಚಕನು ನಮ್ಮವನಲ್ಲ ಎಂಬ ಎಚ್ಚರಿಕೆ ನೀಡಿದ್ದು ನಮಗೆಲ್ಲ ತಿಳಿದಿದೆ. ಮೀಟರನ್ನು ಹಿಂದಕ್ಕೆ ತಿರುಗಿಸುವುದು, ಅಪಘಾತದ ಗುರುತನ್ನು ಬಣ್ಣದಡಿ ಮುಚ್ಚುವುದು ಅದೇ ಒದ್ದೆ ಧಾನ್ಯವಲ್ಲವೇ?

ವ್ಯಾಪಾರಿಯ ಅಧಿಕಾರಪತ್ರವನ್ನು ಕೇಳಿ ನೋಡೋಣ. ಖಾಲಿ ಫಾರಂಗೆ ಸಹಿ ಹಾಕದಿರೋಣ. ನಾವೇ ನೇರವಾಗಿ ಮಾರಿದರೆ, ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಇಲಾಖೆಗೆ ತಿಳಿಸೋಣ. ಜಮಾಅತ್‌ಗಳು ಜುಮಾ ದಿನ ಐದು ನಿಮಿಷ ಈ ವಿಷಯಕ್ಕೆ ಮೀಸಲಿಡಲಿ. ನಂಬಿಕೆ ದೊಡ್ಡದು, ನಿಜ. ಅದನ್ನು ಕಾಪಾಡಲೆಂದೇ ಬರಹವಿರುವುದು.