ಏರು ಹತ್ತದವರ ಸರೋವರ

ಫ್ರಾನ್ಸಿನ ಆನ್ಸಿ ಸರೋವರದ ಸುತ್ತ ಸೈಕಲ್ ತುಳಿಯುವವರಲ್ಲಿ ಎರಡು ಬಗೆ. ಮೈಗಂಟಿದ ಬಟ್ಟೆ ತೊಟ್ಟು ಬೆಟ್ಟ ಹತ್ತುವವರು ಒಂದು ಬಗೆ. ಮುಂದೆ ಬುಟ್ಟಿ ಕಟ್ಟಿಕೊಂಡು ದಂಡೆಯ ಸಪಾಟು ದಾರಿಯಲ್ಲಿ ಹೋಗುವವರು ಇನ್ನೊಂದು ಬಗೆ. ಫೋಟೊಗಳಲ್ಲಿ ಕಾಣಿಸುವವರು ಹೆಚ್ಚಾಗಿ ಮೊದಲನೆಯವರೇ. ‘ಕೆಳಗಿನ ದಾರಿ ಮಕ್ಕಳು ಮುದುಕರಿಗೆ, ನಿಜವಾದ ಸೈಕ್ಲಿಸ್ಟ್ ಮೇಲೆ ಹೋಗ್ತಾನೆ’ ಎಂದು ನನ್ನ ಸಹಪಾಠಿಯೊಬ್ಬ ಹೇಳುತ್ತಿದ್ದ. ಆ ಊರಿನಲ್ಲಿ ಎರಡು ವರ್ಷ ಓದಿ, ಎರಡೂ ದಾರಿಗಳಲ್ಲಿ ಪೆಡಲ್ ತುಳಿದ ನನಗೆ ಆ ಮಾತು ಒಪ್ಪಿಗೆಯಿಲ್ಲ. ಬೆಟ್ಟ ತಾನಾಗಿಯೇ ಇತ್ತು. ಸಪಾಟು ದಾರಿಯನ್ನು ಜನ ಕೂತು ಯೋಚಿಸಿ ಮಾಡಿಕೊಂಡರು. ನನ್ನ ಮಟ್ಟಿಗೆ ಆನ್ಸಿಯ ದೊಡ್ಡ ಸಾಧನೆ ಅದೇ.

ಮೊದಲು ಜಾಗ ಹೇಳಿಬಿಡುತ್ತೇನೆ. ಆಲ್ಪ್ಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 447 ಮೀಟರ್ ಎತ್ತರದಲ್ಲಿ, 27 ಚದರ ಕಿಲೊಮೀಟರಿನಷ್ಟು ನೀರು. ಉತ್ತರದ ತುದಿಯಲ್ಲಿ ಆನ್ಸಿ ಪಟ್ಟಣ, ದಕ್ಷಿಣದ ತುದಿಯಲ್ಲಿ ದುಸ್ಸಾರ್ ಎಂಬ ಊರು. ಪೂರ್ತಿ ಒಂದು ಸುತ್ತು ಹಾಕಿದರೆ ಸುಮಾರು 40 ಕಿಲೊಮೀಟರ್. ಪಶ್ಚಿಮ ದಂಡೆಯಲ್ಲಿ ಸೆವ್ರಿಯೇ, ಸ್ಯಾಂ ಜೋರಿಯೋ, ದ್ವಾಂ ಎಂಬ ಊರುಗಳನ್ನು ದಾಟಿ ದುಸ್ಸಾರ್‌ವರೆಗೆ ಸೈಕಲ್ಲಿಗೇ ಮೀಸಲಾದ ದಾರಿಯಿದೆ. ಅಲ್ಲಿಂದಲೂ ಅದು ಆಲ್ಬರ್ವಿಲ್ ಕಡೆಗೆ ಮುಂದುವರಿಯುತ್ತದೆ. 1992ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅದೇ ಆಲ್ಬರ್ವಿಲ್‌ನಲ್ಲಿ.

ಇಷ್ಟು ಬೆಟ್ಟಗಳ ನಡುವೆ ಇಷ್ಟು ಸಪಾಟು ದಾರಿ ಹೇಗೆ ಬಂತು? ಅದು ಹಳೆಯ ರೈಲು ಮಾರ್ಗ. 1901ರಲ್ಲಿ ಆನ್ಸಿಯಿಂದ ಆಲ್ಬರ್ವಿಲ್‌ಗೆ ರೈಲು ಶುರುವಾಯಿತು. ಹಬೆ ರೈಲು ಕಡಿದಾದ ಏರು ಹತ್ತಲಾರದು. ಹಾಗಾಗಿ ಎಂಜಿನಿಯರುಗಳು ದಿಣ್ಣೆ ಕಡಿದು, ತಗ್ಗು ತುಂಬಿಸಿ, ಗೊತ್ತೇ ಆಗದಷ್ಟು ಇಳಿಜಾರಿನಲ್ಲಿ ಹಳಿ ಹಾಕಿದ್ದರು. 1938ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಕೊನೆಗೆ ಹಳಿಗಳೂ ಹೋದವು. ರೈಲಿಗಾಗಿ ಹದ ಮಾಡಿದ್ದ ನೆಲ ಮಾತ್ರ ಉಳಿಯಿತು, ಅದರ ಮೇಲೆ ಡಾಂಬರು ಬಿತ್ತು. ದ್ವಾಂ ಊರಿನಲ್ಲಿ ರೈಲಿನ ಸುರಂಗದೊಳಗೇ ಸೈಕಲ್ಲುಗಳು ಓಡುತ್ತವೆ. ಬೇಸಿಗೆಯಲ್ಲಿ ಅದರೊಳಗೆ ನುಗ್ಗಿದರೆ ಫ್ರಿಜ್ ಬಾಗಿಲು ತೆರೆದಷ್ಟು ತಂಪು.

ನೀರಿನ ಕತೆಯೂ ಇಂಥದ್ದೇ. ಯುದ್ಧದ ನಂತರದ ವರ್ಷಗಳಲ್ಲಿ ಆ ಸರೋವರಕ್ಕೂ ಚರಂಡಿ ನೀರು ಸೇರುತ್ತಿತ್ತು. 1957ರಲ್ಲಿ ದಂಡೆಯ ಊರುಗಳ ಆಡಳಿತಗಳು ಸೇರಿ ಒಕ್ಕೂಟ ಕಟ್ಟಿಕೊಂಡು, ಸರೋವರದ ಸುತ್ತಲೂ ಕೊಳವೆ ಹೂಳಿ, ಕೊಳಚೆಯನ್ನು ಬೇರೆ ಕಡೆಗೆ ತಿರುಗಿಸಿದವು. ಮುಂದೆ ಸೈಕಲ್ ದಾರಿಯ ಕೆಲಸವನ್ನೂ ಅದೇ ಒಕ್ಕೂಟ ಕೈಗೆತ್ತಿಕೊಂಡಿತು. ಚರಂಡಿ ಮತ್ತು ಸೈಕಲ್ ಒಂದೇ ಕಚೇರಿಯ ಕೆಲಸ ಎಂದು ಕೇಳಿದಾಗ ನನಗೆ ನಗು ಬಂದಿತ್ತು. ಯೋಚಿಸಿದರೆ, ನಾರುವ ನೀರಿನ ಪಕ್ಕ ಯಾರು ಸೈಕಲ್ ಹೊಡೆಯುತ್ತಾರೆ?

ನನಗೆ ಈ ದಾರಿಯ ಮೇಲೆ ಇಷ್ಟು ಅಭಿಮಾನ ಬರಲು ಹೊಟ್ಟೆಪಾಡೂ ಕಾರಣ. ಫ್ರಾನ್ಸಿನಲ್ಲಿ ಓದುವ ನಮ್ಮಂಥ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 964 ಗಂಟೆ ದುಡಿಯಬಹುದು. ಹೊರಗೆ ಓದಲು ಹೊರಟವರು ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ. ನನಗೆ ಸಿಕ್ಕಿದ್ದು ಸ್ಯಾಂ ಜೋರಿಯೋದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ, ರಾತ್ರಿ ಪಾಳಿ. ಮುಗಿಯುವ ಹೊತ್ತಿಗೆ ಬಸ್ ಇರುತ್ತಿರಲಿಲ್ಲ. ರೂಮಿಗೆ ಒಂಬತ್ತು ಹತ್ತು ಕಿಲೊಮೀಟರ್. ಮಾಲೀಕರು ಕೇಳಿದ್ದ ಮೊದಲ ಪ್ರಶ್ನೆಯೇ ‘ಹೇಗೆ ವಾಪಸ್ ಹೋಗ್ತೀಯ?’ ಎಂದು. ‘ಸೈಕಲ್’ ಎಂದೆ. ಅವರು ತಲೆಯಾಡಿಸಿ ಏಪ್ರನ್ ಕೊಟ್ಟರು. ಆ ದಾರಿ ಇಲ್ಲದಿದ್ದರೆ, ಕಾರುಗಳು ಭರ್ರೆಂದು ಹೋಗುವ ಹೆದ್ದಾರಿಯಲ್ಲಿ ನಡುರಾತ್ರಿ ಹೋಗಲು ನನಗೂ ಧೈರ್ಯವಿರಲಿಲ್ಲ, ಅವರೂ ಕೆಲಸ ಕೊಡುತ್ತಿರಲಿಲ್ಲ. ನನ್ನ ಸೆಕೆಂಡ್ ಹ್ಯಾಂಡ್ ಸೈಕಲ್ಲಿಗೆ 80 ಯೂರೊ ಕೊಟ್ಟಿದ್ದೆ. ಎರಡನೇ ವಾರದ ಕೂಲಿಯಲ್ಲಿ ಅದು ತೀರಿತು.

ಇನ್ನು ಬೆಟ್ಟದ ವಿಷಯ. ಅದನ್ನು ನಾನು ಹೀಗಳೆಯುತ್ತಿಲ್ಲ. ಪಟ್ಟಣದಿಂದಲೇ ಏರುವ ಸೆಮ್ನೋ ಬೆಟ್ಟದ ರಸ್ತೆ 1,600 ಮೀಟರ್ ದಾಟಿ ನಿಲ್ಲುತ್ತದೆ. ಅಂದರೆ ಸರೋವರದಿಂದ 1,200 ಮೀಟರಿನಷ್ಟು ಏರು, ನಂದಿ ಬೆಟ್ಟವನ್ನು ಬುಡದಿಂದ ಎರಡು ಸಲ ಹತ್ತಿದರೂ ಸಾಲದು. ಪೂರ್ವ ದಂಡೆಯ ಮೇಲಿರುವ ಫೋರ್ಕ್ಲಾ ಕಣಿವೆದಾರಿಗೆ ಸುಮಾರು 1,150 ಮೀಟರ್ ಎತ್ತರ. ಅಲ್ಲಿಂದ ಪ್ಯಾರಾಗ್ಲೈಡರುಗಳು ಹಾರುವುದನ್ನು, ಕೆಳಗೆ ನೀರು ನೀಲಿಯಿಂದ ಹಸಿರಿಗೆ ತಿರುಗುವುದನ್ನು ನೋಡಿದರೆ ತೊಡೆಯ ನೋವು ಅರ್ಧ ಮರೆತುಹೋಗುತ್ತದೆ. (ಇನ್ನರ್ಧ ಮಾರನೇ ದಿನ ಮೆಟ್ಟಿಲು ಇಳಿಯುವಾಗ ನೆನಪಾಗುತ್ತದೆ.) 2009ರಲ್ಲಿ ಟೂರ್ ಡಿ ಫ್ರಾನ್ಸ್‌ನ ಒಂದು ಹಂತ ಈ ಸರೋವರದ ಸುತ್ತಲೇ ನಡೆಯಿತು, ಗೆದ್ದವರು ಸ್ಪೇನಿನ ಕೊಂಟಾಡೋರ್. 2013ರಲ್ಲಿ ಸೆಮ್ನೋ ತುದಿಯಲ್ಲಿ ಗೆದ್ದದ್ದು ಕೊಲಂಬಿಯಾದ ನೈರೊ ಕಿಂಟಾನಾ. ಅವರು ರೈತ ಕುಟುಂಬದ ಹುಡುಗ, ಬೆಟ್ಟದೂರಿನಿಂದ ಶಾಲೆಗೆ ಸೈಕಲ್ಲಿನಲ್ಲೇ ಹೋಗಿಬಂದು ಬೆಳೆದವರು. ‘ನಿಜವಾದ ಸೈಕ್ಲಿಸ್ಟ್’ ಎಂದು ವಾದಿಸುತ್ತಿದ್ದ ಗೆಳೆಯನಿಗೆ ನಾನು ಕೊಡುತ್ತಿದ್ದ ಉತ್ತರವೂ ಇದೇ. ಬೆಟ್ಟದ ರಾಜ ಮೊದಲು ಸೈಕಲ್ ಹತ್ತಿದ್ದು ಶಾಲೆಗೆ ಹೋಗಲು.

ಪೂರ್ವ ದಂಡೆಯೇ ಈ ಸುತ್ತಿನ ಕಷ್ಟದ ಭಾಗ. ವೇರಿಯೇ, ಮಾಂತೋಂ, ತಲ್ವಾರ್ ಊರುಗಳ ಕಡೆ ಗುಡ್ಡ ನೇರ ನೀರಿಗೆ ಇಳಿಯುತ್ತದೆ. ರೈಲು ಹೋಗದ ದಂಡೆ ಅದು, ಹಾಗಾಗಿ ಬಿಟ್ಟುಹೋದ ಸಪಾಟು ನೆಲವೂ ಇಲ್ಲ. ಹಲವೆಡೆ ಕಾರುಗಳ ಜೊತೆ ರಸ್ತೆ ಹಂಚಿಕೊಳ್ಳಬೇಕು. ತಲ್ವಾರ್ ಎಂದರೆ ನಮಗೆ ಕತ್ತಿ ನೆನಪಾಗುತ್ತದೆ, ಅಲ್ಲಿನ ಏರೂ ಉಸಿರನ್ನು ಹಾಗೆಯೇ ಕತ್ತರಿಸುತ್ತದೆ. ಅಲ್ಲಿ ಹೋಗುವ ಅವಕಾಶ ಸಿಕ್ಕವರಿಗೆ ನನ್ನ ಸಲಹೆ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹೊರಡಿ. ಫ್ರಾನ್ಸಿನಲ್ಲಿ ವಾಹನಗಳು ಬಲಕ್ಕೆ ಓಡುವುದರಿಂದ ನೀರು ನಿಮ್ಮ ಪಕ್ಕದಲ್ಲೇ ಇರುತ್ತದೆ, ಏರು ಮೊದಲರ್ಧದಲ್ಲೇ ಮುಗಿಯುತ್ತದೆ, ಸುಸ್ತಾದ ಮೇಲೆ ರೈಲಿನ ದಾರಿ ಸಿಗುತ್ತದೆ. ಊರ ಹೊರಗೆ ಸೈಕಲ್ಲನ್ನು ಹಿಂದಿಕ್ಕುವ ಕಾರು ಒಂದೂವರೆ ಮೀಟರ್ ಅಂತರ ಬಿಡಬೇಕು ಎಂಬ ಕಾನೂನೂ ಅಲ್ಲಿದೆ. ರಾತ್ರಿ ಊರ ಹೊರಗೆ ಹೋಗುವ ಸೈಕಲ್ ಸವಾರ ಹೊಳೆಯುವ ಜಾಕೆಟ್ ಹಾಕಲೇಬೇಕು.

ಸಪಾಟು ದಾರಿಯಲ್ಲಿ ಜಗಳವಿಲ್ಲ ಎಂದಲ್ಲ. ಬೇಸಿಗೆಯ ಭಾನುವಾರ ಅಲ್ಲಿ ತಳ್ಳುಗಾಡಿಯ ಕೂಸುಗಳು, ಸ್ಕೇಟಿಂಗ್ ಹುಡುಗರು, ಎಲೆಕ್ಟ್ರಿಕ್ ಸೈಕಲ್ಲಿನ ಅಜ್ಜಿಯರು. ಅವರ ನಡುವೆಯೇ ಗಂಟೆಗೆ 35 ಕಿಲೊಮೀಟರ್ ವೇಗದಲ್ಲಿ ತರಬೇತಿ ಮಾಡುವವರು ಬೆಲ್ ಹೊಡೆಯುತ್ತಾ, ಗೊಣಗುತ್ತಾ ನುಗ್ಗುತ್ತಾರೆ. ಇಲ್ಲಿ ನನ್ನ ಪಕ್ಷ ಸ್ಪಷ್ಟ: ವೇಗ ಬೇಕಾದವರು ಪಕ್ಕದ ರಸ್ತೆಗೆ ಹೋಗಲಿ. ಆ ರಸ್ತೆಯಲ್ಲಿ ಹೋಗುವ ಶಕ್ತಿ ಅವರಿಗಿದೆ, ಕೂಸಿಗಿಲ್ಲ.

ಊರಿಗೆ ವಾಪಸಾಗಿ ಕೆಲಸ ಹುಡುಕುತ್ತಿರುವ ಈ ದಿನಗಳಲ್ಲಿ ಅದನ್ನೆಲ್ಲ ಯೋಚಿಸುತ್ತೇನೆ. ನಮ್ಮ ರಾಜ್ಯದಲ್ಲಿ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ನನಗೂ ಒಂದು ಸಿಕ್ಕಿತ್ತು. ಹೈಸ್ಕೂಲು ಮುಗಿಯುತ್ತಿದ್ದಂತೆ ಅದು ಕೊಟ್ಟಿಗೆ ಸೇರಿತು. ‘ಕಾಲೇಜಿಗೆ ಸೈಕಲ್ಲಲ್ಲಿ ಹೋಗ್ತೀಯೇನೋ’ ಎಂಬ ನಗೆ ಒಂದು ಕಡೆ, ಲಾರಿಗಳ ಭಯ ಇನ್ನೊಂದು ಕಡೆ. ಸೈಕಲ್ ಕೊಟ್ಟವರು ದಾರಿ ಕೊಡಲಿಲ್ಲ. ಈಗ ಲಕ್ಷ ರೂಪಾಯಿಯ ಸೈಕಲ್ಲುಗಳು ನಸುಕಿನಲ್ಲೇ ನಂದಿ ಬೆಟ್ಟದ ಕಡೆ ಹೊರಡುತ್ತವೆ. ಸಂತೋಷ. ಆದರೆ ಸೈಕಲ್ ಪಥದ ಮಾತು ಬಂದಾಗ ಅವರ ದನಿಯಷ್ಟೇ ಕೇಳಿಸಿ, ಪಾಳಿ ಮುಗಿಸಿ ಮನೆಗೆ ಹೋಗುವವರ, ಟ್ಯೂಷನ್ನಿಗೆ ಹೋಗುವ ಹುಡುಗಿಯರ ದನಿ ಕೇಳಿಸದಿದ್ದರೆ ನನಗೆ ತಕರಾರಿದೆ.

ನಮ್ಮದು ಮಲೇಬೆನ್ನೂರು ಕಡೆಯ ಹಳ್ಳಿ. ನಮ್ಮಲ್ಲಿ ಬಿಟ್ಟುಹೋದ ರೈಲು ಮಾರ್ಗವಿಲ್ಲ, ಭದ್ರಾ ಚಾನಲ್ ಇದೆ. ನೀರೂ ರೈಲಿನ ಹಾಗೇ, ಏರು ಹತ್ತುವುದಿಲ್ಲ. ಹಾಗಾಗಿ ಚಾನಲ್ ಏರಿ ಮೈಲಿಗಟ್ಟಲೆ ಸಪಾಟು. ಆ ಏರಿಯ ಮೇಲೆ ಸೈಕಲ್ ದಾರಿಗಾಗಿ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆದು ಕೊಟ್ಟಿದ್ದೇನೆ. ‘ಅದು ನೀರಾವರಿಯೋರ ಜಾಗ ಕಣಪ್ಪ, ಅಲ್ಲಿಗೂ ಒಂದು ಕಾಪಿ ಕೊಡು’ ಎಂದರು ಪಿಡಿಒ ಸಾಹೇಬರು. ಮುಂದಿನ ವಾರ ಅಲ್ಲಿಗೂ ಹೋಗುವವನಿದ್ದೇನೆ.